ಕೆಂಟಕಿಯ ಅಜ್ಜಿ ಮತ್ತು ಒಂದು ಹಳೆಯ ಉಯಿಲು

ಲೂಯಿವಿಲ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿಗೆ ಎಂಬತ್ತನಾಲ್ಕು ವರ್ಷ. ಕೆಳಗಡೆ ಅವರು, ಮಹಡಿ ಮೇಲೆ ನಾನು. ಅಮೆರಿಕದಲ್ಲಿ ಎಷ್ಟೇ ದೊಡ್ಡವರನ್ನೂ ಹೆಸರು ಹಿಡಿದೇ ಕರೀತಾರೆ. ನನಗೆ ಮಾತ್ರ ನಾಲಿಗೆ ಹೊರಳಲಿಲ್ಲ. ಒಂದು ದಿನ ಬಾಯಿತಪ್ಪಿ 'ಅಜ್ಜಿ' ಅಂದುಬಿಟ್ಟೆ. ಹಾಗಂದ್ರೇನು ಅಂತ ಕೇಳಿದರು, ಹೇಳಿದೆ. ಅವತ್ತಿನಿಂದ ಅವರು ನನಗೆ ಅಜ್ಜಿಯೇ.

2024ರ ಒಂದು ಶನಿವಾರ ಬಲ್ಬ್ ಬದಲಾಯಿಸಿಕೊಡು ಅಂತ ಕರೆದರು. ಕೆಲಸ ಮುಗಿದ ಮೇಲೆ ಕಾಫಿ ಕೊಟ್ಟು, ಒಂದು ಹಳೆಯ ಶೂ ಡಬ್ಬಿ ತಂದು ನನ್ನ ಮುಂದಿಟ್ಟರು. "ನೀನು ಕಂಪ್ಯೂಟರ್ ಕೆಲಸ ಮಾಡೋದಲ್ವಾ? ಇದನ್ನೊಂದು ದಡ ಸೇರಿಸಿಕೊಡು."

ಡಬ್ಬಿಯಲ್ಲಿ ಹಳೆಯ ಫೋಟೋಗಳಿದ್ದವು. ಮನೆಯ ಬೈಬಲ್‌ನಿಂದ ಬಿಚ್ಚಿಕೊಂಡಿದ್ದ, ಹುಟ್ಟು-ಸಾವು ಬರೆದಿಟ್ಟ ಒಂದು ಹಾಳೆ ಇತ್ತು. ಜತೆಗೆ 1950ರ ದಶಕದಲ್ಲಿ ಅಜ್ಜಿಯ ದೊಡ್ಡಮ್ಮ ಟೈಪ್ ಮಾಡಿದ್ದ ಎರಡು ಪುಟಗಳ ವಂಶಾವಳಿ. ಅದರ ಪ್ರಕಾರ ಮನೆತನದ ಮೂಲಪುರುಷ ಡೇನಿಯಲ್ ಬೂನ್ ಜತೆ ದಾರಿ ಕಡಿಯುತ್ತಾ ಕೆಂಟಕಿಗೆ ಬಂದವನು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವನು. ಸ್ವಂತ ಕೈಯಿಂದ ಕಾಡು ಕಡಿದು ಹೊಲ ಮಾಡಿದವನು. ಸಾಯುವಾಗ ಮಗಳಿಗೆ ಪ್ರೀತಿಯಿಂದ ಒಂದು ಹಾಸಿಗೆ, ಒಂದು ಹೆಣ್ಣುಕುದುರೆ ಬಿಟ್ಟುಹೋದವನು. ಆ ಮಗಳ ವಂಶವೇ ನಮ್ಮ ಅಜ್ಜಿಯದು.

ಅಜ್ಜಿಯ ಮೊಮ್ಮಗಳಿಗೆ ಆರು ತಿಂಗಳಲ್ಲಿ ಹದಿನೆಂಟು ತುಂಬುತ್ತಿತ್ತು. ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದವರ ವಂಶದ ಹೆಣ್ಣುಮಕ್ಕಳಿಗೆ ಅಂತಲೇ 1890ರಲ್ಲಿ ಶುರುವಾದ 'ಡಾಟರ್ಸ್ ಆಫ್ ದ ಅಮೆರಿಕನ್ ರೆವಲ್ಯೂಷನ್' ಎಂಬ ಸಂಘ ಇದೆ. ಹದಿನೆಂಟಾದವರು ಸೇರಬಹುದು. ಆದರೆ ಬಾಯಿಮಾತು ನಡೆಯಲ್ಲ, ಒಂದೊಂದು ತಲೆಮಾರಿನ ಕೊಂಡಿಗೂ ದಾಖಲೆ ಬೇಕು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಆ ಅರ್ಜಿಯನ್ನು ತುಂಬಿ ಉಡುಗೊರೆ ಕೊಡಬೇಕು ಅನ್ನೋದು ಅಜ್ಜಿಯ ಆಸೆ. "ಈಚೆಗೆ ಹೆಸರುಗಳು ಮರೆತುಹೋಗ್ತಿವೆ. ಪೂರ್ತಿ ಮರೆಯೋ ಮುಂಚೆ ಮುಗಿಸಬೇಕು" ಅಂದರು. ಹಾಗಂದ ಮೇಲೆ ಇಲ್ಲ ಅನ್ನೋದು ಹೇಗೆ?

ಇವತ್ತಿನಿಂದ ಹಿಂದಕ್ಕೆ

ನಾನು ಮಾಡಿದ ಮೊದಲ ತಪ್ಪು, ಮೂಲಪುರುಷನ ಹೆಸರನ್ನೇ ನೇರ ಸರ್ಚ್ ಮಾಡಿದ್ದು. ಆ ಹೆಸರಿನವರು ನೂರಾರು ಜನ ಬಂದರು. ವಂಶ ಹುಡುಕೋದು ಡೀಬಗ್ಗಿಂಗ್ ಇದ್ದ ಹಾಗೆ. ಗೊತ್ತಿರೋ ಕಡೆಯಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ ಇದಕ್ಕೆ ಒಳ್ಳೆಯ ಮೆಟ್ಟಿಲು ಅಂದ್ರೆ ಜನಗಣತಿ. 1790ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದಿದೆ. ಜನರ ಖಾಸಗಿತನ ಕಾಯೋಕೆ 72 ವರ್ಷ ಹಾಳೆಗಳನ್ನು ಮುಚ್ಚಿಡುತ್ತಾರೆ. 1950ರದ್ದು ಬಿಡುಗಡೆಯಾಗಿದ್ದು 2022ರ ಏಪ್ರಿಲ್‌ನಲ್ಲಿ. ಅದರಲ್ಲಿ ಮೊದಲು ಸಿಕ್ಕಿದ್ದು ಒಂಬತ್ತು ವರ್ಷದ ನಮ್ಮ ಅಜ್ಜಿಯೇ! ಅಪ್ಪ, ಅಮ್ಮ, ಆಮೇಲೆ ತೀರಿಕೊಂಡ ಅಣ್ಣ, ಎಲ್ಲರ ಹೆಸರೂ ಸಾಲಾಗಿ. ಅಜ್ಜಿ ಲ್ಯಾಪ್‌ಟಾಪ್ ಪರದೆಯ ಮೇಲೆ ಅಣ್ಣನ ಹೆಸರನ್ನು ಬೆರಳಿನಿಂದ ಸವರಿದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋದ ಹಾಗೆ ಮೆಟ್ಟಿಲು ಸವೆಯುತ್ತಾ ಹೋಗುತ್ತೆ. 1890ರ ಹಾಳೆಗಳು ಬಹುಪಾಲು ಇಲ್ಲವೇ ಇಲ್ಲ, 1921ರಲ್ಲಿ ವಾಷಿಂಗ್ಟನ್‌ನ ಸರ್ಕಾರಿ ಕಟ್ಟಡಕ್ಕೆ ಬಿದ್ದ ಬೆಂಕಿಗೆ ಹಾಳಾದವು. 1880ಕ್ಕಿಂತ ಹಿಂದಿನ ಗಣತಿಯಲ್ಲಿ ಮನೆಯ ಯಜಮಾನನಿಗೆ ಯಾರು ಏನಾಗಬೇಕು ಅನ್ನೋದನ್ನು ಬರೆಯುತ್ತಿರಲಿಲ್ಲ. 1850ಕ್ಕಿಂತ ಹಿಂದೆ ಯಜಮಾನನ ಹೆಸರೊಂದೇ ಇರುತ್ತೆ. ಹೆಂಡತಿ ಮಕ್ಕಳೆಲ್ಲ ಬರೀ ಲೆಕ್ಕ: ಇಷ್ಟು ವಯಸ್ಸಿನ ಹೆಂಗಸರು ಇಷ್ಟು, ಗಂಡಸರು ಇಷ್ಟು. ಇನ್ನು ಕೆಂಟಕಿಯ 1790, 1800ರ ಹಾಳೆಗಳೇ ಕಳೆದುಹೋಗಿವೆ.

ಹೆಂಗಸರ ಕಡೆಯಿಂದ ಹೋಗುವ ವಂಶವಾದರೆ ಕಷ್ಟ ಇನ್ನೂ ಜಾಸ್ತಿ. ಮದುವೆಯಾದ ತಕ್ಷಣ ಮನೆತನದ ಹೆಸರು ಬದಲಾಗುತ್ತೆ, ಎಳೆ ಅಲ್ಲೇ ತುಂಡಾಗುತ್ತೆ. ಕೆಂಟಕಿಯಲ್ಲಿ 1911ರಿಂದ ಮರಣಪತ್ರಗಳಿವೆ, ಅವುಗಳಲ್ಲಿ ಸತ್ತವರ ತಂದೆ-ತಾಯಿ ಹೆಸರೂ ಇರುತ್ತೆ. ಅವುಗಳ ಬಲದಿಂದ 1850ರವರೆಗೆ ಹೇಗೋ ಬಂದೆವು. ಆ ಮಗಳ ಮದುವೆಯ ಬಾಂಡ್ ಕೂಡ ಸಿಕ್ಕಿತು, ತವರಿನ ಹೆಸರೂ ಗೊತ್ತಾಯಿತು. ಆದರೆ ಅವಳು ಇವನದೇ ಮಗಳು ಅನ್ನೋದಕ್ಕೆ ಪುರಾವೆ ಮಾತ್ರ ಇರಲಿಲ್ಲ. ಆರು ತಲೆಮಾರಿನ ಸರಪಳಿಯಲ್ಲಿ ಕೊನೆಯ ಒಂದೇ ಒಂದು ಕೊಂಡಿ ಬಾಕಿ.

ಹೊಲ ಅಲ್ಲೇ, ಜಿಲ್ಲೆ ಬೇರೆ

ನಮ್ಮೂರು ರಾಣೆಬೆನ್ನೂರು. 1997ಕ್ಕೆ ಮುಂಚೆ ಧಾರವಾಡ ಜಿಲ್ಲೆ, ಆಮೇಲೆ ಹಾವೇರಿ. ಹೊಲ ಒಂದಿಂಚೂ ಸರಿದಿಲ್ಲ, ಜಿಲ್ಲೆ ಮಾತ್ರ ಬದಲಾಗಿದೆ. ಹೀಗಾಗಿ ಕೆಂಟಕಿಯ ಗೊಂದಲ ನನಗೆ ಬೇಗ ಅರ್ಥವಾಯಿತು.

1776ರ ಕೊನೆಯಲ್ಲಿ ಆ ಇಡೀ ಪ್ರದೇಶ ವರ್ಜೀನಿಯಾದ ಒಂದೇ ಕೌಂಟಿ. 1780ರಲ್ಲಿ ಅದು ಮೂರಾಯಿತು. ಆಮೇಲೆ ಒಡೆಯುತ್ತಾ ಒಡೆಯುತ್ತಾ ಈಗ 120 ಕೌಂಟಿಗಳಿವೆ. ಅಜ್ಜಿಯ ಪೂರ್ವಜರ ಹೊಲವಿದ್ದ ಜಾಗ ಮೊದಲು ಕೆಂಟಕಿ ಕೌಂಟಿ, ಆಮೇಲೆ ಜೆಫರ್ಸನ್, ಆಮೇಲೆ ನೆಲ್ಸನ್. 1792ರಲ್ಲಿ ಕೆಂಟಕಿ ಪ್ರತ್ಯೇಕ ರಾಜ್ಯವಾದ ವರ್ಷ ಅದು ವಾಷಿಂಗ್ಟನ್ ಕೌಂಟಿಗೆ ಸೇರಿತು. ಹಳೆಯ ಕಾಗದಗಳು ಆಯಾ ಕಾಲದ ಕೌಂಟಿಯ ಕೋರ್ಟಿನಲ್ಲೇ ಉಳಿಯುತ್ತವೆ. ಈಗಿನ ಹೆಸರು ನೋಡಿ ಹುಡುಕಿದರೆ ಏನೂ ಸಿಗಲ್ಲ.

ಇದೇ ಗೊಂದಲ ಅಬ್ರಹಾಂ ಲಿಂಕನ್‌ರ ಮನೆಯನ್ನೂ ಬಿಟ್ಟಿಲ್ಲ. ಅವರ ತಂದೆ-ತಾಯಿಯ ಮದುವೆ ದಾಖಲೆ ಹಾರ್ಡಿನ್ ಕೌಂಟಿಯಲ್ಲಿ ಸಿಗಲಿಲ್ಲ. ಅಷ್ಟಕ್ಕೇ ಮದುವೆಯೇ ಆಗಿರಲಿಲ್ಲ ಅಂತ ಗಾಳಿಮಾತು ಹಬ್ಬಿತು. ಮದುವೆ ನಡೆದಿದ್ದು 1806ರ ಜೂನ್ 12ರಂದು, ಕಾಗದ ಇದ್ದಿದ್ದು ಇದೇ ವಾಷಿಂಗ್ಟನ್ ಕೌಂಟಿಯಲ್ಲಿ. ಅದು ಬೆಳಕಿಗೆ ಬಂದಾಗ ಲಿಂಕನ್ ಬದುಕಿರಲಿಲ್ಲ.

ಲಿಂಕನ್ ತಾವೂ ತಮ್ಮ ಪೂರ್ವಜರನ್ನು ಹುಡುಕಿದವರೇ. 1848ರಲ್ಲಿ ಅದೇ ಮನೆತನದ ಹೆಸರಿನವರಿಗೆ ಕಾಗದ ಬರೆದು ವಿಚಾರಿಸಿದ್ದರು. ಅವರ ಅಜ್ಜನ ಹೆಸರೂ ಅಬ್ರಹಾಂ ಲಿಂಕನ್ನೇ. ವರ್ಜೀನಿಯಾದಿಂದ ಕೆಂಟಕಿಗೆ ವಲಸೆ ಬಂದ ಆತ 1786ರಲ್ಲಿ ಹೊಲದಲ್ಲಿ ಕೆಲಸ ಮಾಡುವಾಗ ಮೂಲನಿವಾಸಿಯೊಬ್ಬನ ಗುಂಡಿಗೆ ಬಲಿಯಾದ. ಆ ಜಾಗ ನಾನಿದ್ದ ಲೂಯಿವಿಲ್‌ನ ಪೂರ್ವದ ಅಂಚಿನಲ್ಲೇ ಇದೆ. ಅಜ್ಜನ ಹಿಂದಿನ ಎಳೆ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರೆಗೆ ಲಿಂಕನ್‌ಗೆ ಗೊತ್ತಿತ್ತು. ನ್ಯೂ ಇಂಗ್ಲೆಂಡಿನ ಲಿಂಕನ್ನರಿಗೂ ತಮಗೂ ಸಂಬಂಧ ಇದೆಯಾ ಅನ್ನೋದನ್ನು ಸಾಬೀತು ಮಾಡೋಕೆ ಅವರಿಂದ ಆಗಲೇ ಇಲ್ಲ. ಸಂಬಂಧ ಇತ್ತು. 1637ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ನ ಹಿಂಗಂ ಊರಿಗೆ ಬಂದ ಸ್ಯಾಮ್ಯುಯೆಲ್ ಲಿಂಕನ್‌ವರೆಗೆ ಆಮೇಲಿನವರು ಕೊಂಡಿ ಜೋಡಿಸಿದರು. ರಾಷ್ಟ್ರಾಧ್ಯಕ್ಷರಿಗೇ ಸಿಗದ ಎಳೆ ಈಗ ಫೋನಿನಲ್ಲಿ ಎರಡು ನಿಮಿಷಕ್ಕೆ ಸಿಗುತ್ತೆ.

ಒಂದೇ ಹೆಸರು, ಇಬ್ಬರು

ಎರಡು ನಿಮಿಷಕ್ಕೆ ಸಿಗೋದೆಲ್ಲ ನಿಜ ಅಂದುಕೊಂಡರೆ ಮಾತ್ರ ಕೆಟ್ಟ ಹಾಗೆ. ಆನ್‌ಲೈನ್‌ನಲ್ಲಿ ನಮ್ಮ ಮೂಲಪುರುಷನ ವಂಶವೃಕ್ಷ ಹಲವು ಕಡೆ ಇತ್ತು. ಎಲ್ಲದರಲ್ಲೂ ಆತ ಯೋಧ, ಪಿಂಚಣಿ ಪಡೆದವನು. ಎಲ್ಲರೂ ಒಬ್ಬರನ್ನೊಬ್ಬರು ಕಾಪಿ ಮಾಡಿದ್ದರು, ಮೂಲ ದಾಖಲೆ ತೆರೆದು ನೋಡಿದ ಲಕ್ಷಣ ಕಾಣಲಿಲ್ಲ.

ನಾನು ಪಿಂಚಣಿ ಕಡತ ತೆರೆದೆ. 1832ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು. ಸ್ವಾತಂತ್ರ್ಯ ಯುದ್ಧದಲ್ಲಿ ಕನಿಷ್ಠ ಆರು ತಿಂಗಳು ಸೇವೆ ಮಾಡಿದವರು ಕೋರ್ಟಿಗೆ ಬಂದು, ಪ್ರಮಾಣ ಮಾಡಿ, ತಮ್ಮ ಕಥೆ ಹೇಳಿದರೆ ಪಿಂಚಣಿ. ಹಣ್ಣುಹಣ್ಣು ಮುದುಕರು ಯಾವ ದಂಡಿನಲ್ಲಿದ್ದೆವು, ಯಾವ ನದಿ ದಾಟಿದೆವು ಅಂತ ಹೇಳಿ ಬರೆಸಿದ್ದಾರೆ. ಓದ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಈ ಕಡತದ ಮುದುಕ ಪೆನ್ಸಿಲ್ವೇನಿಯಾದ ಪಡೆಯಲ್ಲಿದ್ದವನು, ಯುದ್ಧ ಮುಗಿದ ಮೇಲೆ ಓಹಾಯೋಗೆ ಹೋಗಿ ನೆಲೆಸಿದವನು. ಕೆಂಟಕಿಯ ಹೆಸರೇ ಇಲ್ಲ. ಕೆಳಗೆ ಚೆಂದದ ಸಹಿ. ನಮ್ಮವನೋ ಮಗಳ ಮದುವೆಯ ಬಾಂಡಿಗೆ ಸಾಕ್ಷಿಯಾಗಿ ಅಡ್ಡಗೆರೆ ಎಳೆದವನು. ಸಹಿ ಹಾಕೋಕೆ ಬಾರದವನು ಮುಪ್ಪಿನಲ್ಲಿ ಕಲಿತನಾ? ನನಗೆ ಗುಮಾನಿ ಬಂತು.

ಜನಗಣತಿ ಇಲ್ಲದ ಕಡೆ ಕೆಂಟಕಿಯಲ್ಲಿ ಕೈಹಿಡಿಯೋದು ವರ್ಷ ವರ್ಷದ ತೆರಿಗೆ ಪಟ್ಟಿ. ಅದರಲ್ಲಿ ಯಾರಿಗೆ ಎಷ್ಟು ಎಕರೆ, ಯಾವ ಹಳ್ಳದ ದಂಡೆ, ಎಷ್ಟು ಕುದುರೆ, ಎಲ್ಲ ಇರುತ್ತೆ. ನಮ್ಮವನು ಮೊದಲ ಸಲ ಕಾಣಿಸಿದ್ದು 1795ರಲ್ಲಿ. ಎರಡು ಕುದುರೆ, ಜಮೀನು ಸೊನ್ನೆ. ನಾಲ್ಕು ವರ್ಷದ ಮೇಲೆ ನೂರು ಎಕರೆ.

ಬೂನ್ ಸುಮಾರು ಮೂವತ್ತು ಕೊಡಲಿಯಾಳುಗಳ ಜತೆ ಕಂಬರ್‌ಲ್ಯಾಂಡ್ ಕಣಿವೆಯಿಂದ ದಾರಿ ಕಡಿದಿದ್ದು 1775ರ ವಸಂತದಲ್ಲಿ. ಅಂದ್ರೆ ಅದಾಗಿ ಇಪ್ಪತ್ತು ವರ್ಷದ ಮೇಲೆ ನಮ್ಮವನ ಹೆಸರು ಬರುತ್ತೆ. ಅಷ್ಟು ಹೊತ್ತಿಗೆ ಅದು ನಿರ್ಜನ ಕಾಡೇನಲ್ಲ. 1790ರಲ್ಲಿ ಕೆಂಟಕಿಯ ಜನಸಂಖ್ಯೆ ಸುಮಾರು 73 ಸಾವಿರ, 1800ಕ್ಕೆ 2 ಲಕ್ಷ 20 ಸಾವಿರ. ಅದಕ್ಕೂ ಮುಂಚೆ ಅದು ಶಾನಿ, ಚೆರೋಕಿ ಜನರು ತಲೆಮಾರುಗಳಿಂದ ಬೇಟೆಯಾಡಿದ ನೆಲ. 1775ರ ಮಾರ್ಚ್‌ನಲ್ಲಿ ಸಿಕಮೋರ್ ಶೋಲ್ಸ್‌ನಲ್ಲಿ ಭೂವ್ಯಾಪಾರಿಗಳು ಚೆರೋಕಿ ಮುಖಂಡರಿಂದ ಆ ನೆಲ ಬರೆಸಿಕೊಂಡಾಗ ಡ್ರ್ಯಾಗಿಂಗ್ ಕನೂ ಎಂಬ ನಾಯಕ ಅದನ್ನು ಖಡಾಖಂಡಿತವಾಗಿ ವಿರೋಧಿಸಿದ್ದ. 'ಯಾರೂ ಇಲ್ಲದ ಕಾಡಿಗೆ ಮೊದಲು ಬಂದವನು' ಅನ್ನೋ ಮಾತು ದೊಡ್ಡಮ್ಮನ ಟೈಪ್ ಹಾಳೆಯಲ್ಲಷ್ಟೇ ನಿಜ.

ಒಂದೇ ಸಾಲಿನಲ್ಲಿ ಮೂರು

ಕೊನೆಯ ಕೊಂಡಿಗೆ ಉಯಿಲು ಬೇಕಿತ್ತು. ಸ್ಪ್ರಿಂಗ್‌ಫೀಲ್ಡ್ ಊರಿನ ಕೋರ್ಟ್‌ಹೌಸ್‌ಗೂ ಹೋಗಿಬಂದೆ. ಸೂಚಿಯಲ್ಲಿ ಆ ಹೆಸರೇ ಇಲ್ಲ.

ಕೊನೆಗೆ ಸಿಕ್ಕಿದ್ದು ಫ್ಯಾಮಿಲಿಸರ್ಚ್‌ನಲ್ಲಿ. ಯೂಟಾದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚ್ ನಡೆಸುವ ಉಚಿತ ತಾಣ ಅದು. ಪೂರ್ವಜರ ಆತ್ಮಕ್ಕಾಗಿ ವಿಧಿಗಳನ್ನು ಮಾಡೋದು ಅವರ ಧರ್ಮದ ಭಾಗ, ಅದಕ್ಕೆ ಪೂರ್ವಜರ ಹೆಸರು ಗೊತ್ತಿರಬೇಕು. ಹಾಗಾಗಿ 1894ರಿಂದ ವಂಶದಾಖಲೆ ಸಂಗ್ರಹಿಸುತ್ತಿದ್ದಾರೆ. ನಮ್ಮ ಹರಿದ್ವಾರದ ಪಂಡಾಗಳ ವಂಶದ ಪುಸ್ತಕಗಳ ಪ್ರತಿಯನ್ನೂ ತೆಗೆದಿಟ್ಟಿದ್ದಾರೆ. 2024ರಲ್ಲಿ ಅವರು ಒಂದು ಹೊಸ ಸೌಲಭ್ಯ ತಂದರು. ಹಳೆಯ ಕೈಬರಹದ ಜಮೀನು ಪತ್ರ, ಉಯಿಲುಗಳನ್ನು ಕಂಪ್ಯೂಟರೇ ಓದಿ, ಒಳಗಿರುವ ಪ್ರತಿ ಪದವನ್ನೂ ಹುಡುಕೋಕೆ ಬಿಡುತ್ತೆ. ಅದಕ್ಕೆ ಮುಂಚೆ ಸೂಚಿಯಲ್ಲಿ ಉಯಿಲು ಬರೆದವನ ಹೆಸರು ಮಾತ್ರ ಸಿಗುತ್ತಿತ್ತು.

ನಾನು ಅಳಿಯನ ಹೆಸರು ಹಾಕಿ ಹುಡುಕಿದೆ. ಮೂರನೆಯ ಫಲಿತಾಂಶ. 1826ರ ಉಯಿಲು. ಸೂಚಿ ಮಾಡಿದವರು ಮನೆತನದ ಹೆಸರಿನ ಮೊದಲ ಅಕ್ಷರವನ್ನೇ ತಪ್ಪು ಓದಿದ್ದರು, ಅದಕ್ಕೇ ಇಷ್ಟು ದಿನ ಸಿಕ್ಕಿರಲಿಲ್ಲ.

ಅದೇ ವರ್ಷ ಉಯಿಲು ಕೋರ್ಟಿನಲ್ಲಿ ದಾಖಲಾಗಿತ್ತು, ಅಂದ್ರೆ ಆತ ಸತ್ತಿದ್ದ. ಸತ್ತವನು ಆರು ವರ್ಷದ ಮೇಲೆ ಓಹಾಯೋ ಕೋರ್ಟಿಗೆ ಬಂದು ಪಿಂಚಣಿ ಕೇಳೋಕಾಗಲ್ಲ. ಯೋಧ ಬೇರೆ, ನಮ್ಮವನು ಬೇರೆ. ಅರ್ಜಿಯ ಕಥೆ ಅಲ್ಲಿಗೆ ಮುಗಿಯಿತು.

ಕೊಂಡಿ ಮಾತ್ರ ಸಿಕ್ಕಿತು. ಇಂಥವನ ಹೆಂಡತಿಯಾದ ನನ್ನ ಮಗಳು ಇಂಥವಳಿಗೆ, ಅಂತ ಶುರುವಾಗುವ ಒಂದು ಸಾಲು. ಅವಳಿಗೆ ಒಂದು ಹಾಸಿಗೆ, ಒಂದು ಹೆಣ್ಣುಕುದುರೆ, ಒಬ್ಬ ಕರಿಯ ಹುಡುಗಿ. ಮೂರೂ ಒಂದೇ ಸಾಲಿನಲ್ಲಿ, ನಡುವೆ ಅಲ್ಪವಿರಾಮ ಅಷ್ಟೇ. ಹುಡುಗಿಗೆ ಒಂದು ಹೆಸರಿದೆ, ಮನೆತನದ ಹೆಸರಿಲ್ಲ. ಕೆಳಗಿನ ಸಾಲಿನಲ್ಲಿ ಆ ಹುಡುಗಿಯ ತಾಯಿಯನ್ನು ಮಗನಿಗೆ ಬರೆದಿದ್ದ. ತಾಯಿ ಒಂದು ಮನೆಗೆ, ಮಗಳು ಇನ್ನೊಂದು ಮನೆಗೆ.

ತೆರಿಗೆ ಪಟ್ಟಿಗಳನ್ನು ಮತ್ತೆ ತೆಗೆದೆ. 'ಕರಿಯರು' ಅಂತ ಒಂದು ಕಾಲಂ ಮೊದಲಿಂದಲೂ ಇತ್ತು. ಮೊದಲ ವರ್ಷಗಳಲ್ಲಿ ಖಾಲಿ, ಆಮೇಲೆ 1, ಆಮೇಲೆ 2. ಎಕರೆ, ಕುದುರೆ, ಹಳ್ಳ ಎಲ್ಲ ಬರೆದುಕೊಂಡಿದ್ದ ನಾನು ಆ ಕಾಲಂ ಮೇಲೆ ಕಣ್ಣೇ ಹಾಯಿಸಿರಲಿಲ್ಲ.

ಒಂಬತ್ತು ದಿನ

ಅಜ್ಜಿಗೆ ಹೇಳೋಕೆ ಒಂಬತ್ತು ದಿನ ತಗೊಂಡೆ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಏನಾದ್ರೂ ಸಿಕ್ತಾ?" ಅಂತ ಕೇಳೋರು. "ಹುಡುಕ್ತಾ ಇದೀನಿ" ಅಂತ ತಪ್ಪಿಸಿಕೊಳ್ಳುತ್ತಿದ್ದೆ. ಆ ಸಾಲನ್ನು ಕುದುರೆಯವರೆಗೆ ಕತ್ತರಿಸಿ ಪ್ರಿಂಟ್ ಕೊಟ್ಟುಬಿಡಲಾ ಅಂತಲೂ ಯೋಚಿಸಿದೆ. ಎಂಬತ್ತನಾಲ್ಕರ ಜೀವಕ್ಕೆ ಈಗ ಯಾಕೆ ಇದೆಲ್ಲ?

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ನಮ್ಮ ಕಡೆ ಹೆಳವರು ಬರುತ್ತಾರೆ. ಎತ್ತಿನ ಜತೆ ಊರೂರು ತಿರುಗಿ, ಮನೆ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನೆಲ್ಲ ಹೇಳಿ, ಕಾಳು-ಕಡಿ ಇಸಕೊಂಡು ಹೋಗುತ್ತಾರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೆಳವ ಬಂದ್ರ ನಮ್ಮ ವಂಶ ಹೇಳ್ತಾನ. ನಮ್ಮ ಹೊಲದಾಗ ಜೀತಕ್ಕ ಇದ್ದವರ ವಂಶ ಯಾರ ಹೇಳ್ಯಾರ? ಮುಚ್ಚಿಡಬ್ಯಾಡ. ಅದು ಅವರ ಮನೀದು, ಅವರಿಗೇ ಹೇಳು."

ನಮ್ಮ ಮನೆಯಲ್ಲಿ ಜೀತಕ್ಕಿದ್ದರು ಅನ್ನೋದು ನನಗೆ ಗೊತ್ತಾಗಿದ್ದೇ ಅವತ್ತು. ಭಾರತದಲ್ಲಿ ಜೀತ ನಿಷೇಧದ ಕಾಯ್ದೆ ಬಂದಿದ್ದು 1976ರಲ್ಲಿ. ಗುಲಾಮಗಿರಿ ಕೊನೆಗೊಳಿಸಿದ ಅಮೆರಿಕದ 13ನೇ ತಿದ್ದುಪಡಿ 1865ರಲ್ಲೇ ಜಾರಿಗೆ ಬಂದರೂ ಕೆಂಟಕಿ ರಾಜ್ಯ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದು ಅದೇ 1976ರಲ್ಲಿ.

ಮರುದಿನ ಸಂಜೆ ಪೂರ್ತಿ ಪುಟದ ಪ್ರಿಂಟ್ ಹಿಡಿದು ಕೆಳಗಿಳಿದೆ. ಯುದ್ಧದ ವಿಷಯ ಮೊದಲು ಹೇಳಿದೆ. "ಹೋಗಲಿ ಬಿಡು, ಯಾರದ್ದೋ ಪದಕ ನಮಗ್ಯಾಕೆ" ಅಂದರು. ಆಮೇಲೆ ಉಯಿಲು ಕೊಟ್ಟೆ. ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು. ಎದ್ದುಹೋಗಿ ಶೂ ಡಬ್ಬಿಯಿಂದ ದೊಡ್ಡಮ್ಮನ ಹಾಳೆ ತಂದು ಪಕ್ಕದಲ್ಲಿಟ್ಟರು. ಒಂದು ಹಾಸಿಗೆ, ಒಂದು ಹೆಣ್ಣುಕುದುರೆ.

"ದೊಡ್ಡಮ್ಮ ಇದನ್ನು ಓದಿದ್ದಳು" ಅಂದರು ಅಜ್ಜಿ. "ಓದಿ, ಕುದುರೆಗೆ ನಿಲ್ಲಿಸಿದ್ದಳು."

ನನ್ನ ಕಿವಿ ಬಿಸಿಯಾಯಿತು. ಒಂಬತ್ತು ದಿನದಿಂದ ನಾನು ಮಾಡಬೇಕು ಅಂದುಕೊಂಡಿದ್ದೂ ಅದನ್ನೇ ತಾನೇ.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಈ ಹುಡುಗಿಯನ್ನೂ ಯಾರೋ ಹುಡುಕ್ತಾ ಇರ್ತಾರೆ ಅಲ್ವಾ?"

ಹೌದು. ಗುಲಾಮರಾಗಿದ್ದವರ ವಂಶದವರಿಗೆ 1870 ಒಂದು ದೊಡ್ಡ ಗೋಡೆ. ಅವರ ಪೂರ್ವಜರೆಲ್ಲರನ್ನೂ ಹೆಸರು ಹಿಡಿದು ಬರೆದ ಮೊದಲ ಜನಗಣತಿ ಅದು. 1850, 1860ರಲ್ಲಿ ಗುಲಾಮರಿಗೆ ಬೇರೆ ಪಟ್ಟಿ ಇತ್ತು, ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಆ ಗೋಡೆಯ ಆಚೆಗೆ ಹೆಸರು ಸಿಗೋದಿದ್ದರೆ ಬಹುಮಟ್ಟಿಗೆ ಒಡೆಯರ ಉಯಿಲಿನಲ್ಲಿ, ಆಸ್ತಿ ಪಟ್ಟಿಯಲ್ಲಿ, ಮಾರಾಟದ ಪತ್ರದಲ್ಲಿ. ಅಂದ್ರೆ ಅವರ ಚರಿತ್ರೆಯ ಬೀಗದ ಕೈ ಅಜ್ಜಿಯಂಥವರ ಮನೆಯ ಡಬ್ಬಿಗಳಲ್ಲಿ ಉಳಿದುಬಿಟ್ಟಿದೆ.

ಅವತ್ತು ರಾತ್ರಿ ಹನ್ನೊಂದರವರೆಗೆ ಕೂತು ತಾಯಿ, ಮಗಳು ಇಬ್ಬರ ಹೆಸರನ್ನೂ ಆನ್‌ಲೈನ್ ವಂಶವೃಕ್ಷಕ್ಕೆ ಸೇರಿಸಿದೆವು. ಯಾವ ಪುಸ್ತಕ, ಯಾವ ಪುಟ, ಯಾರಿಂದ ಯಾರಿಗೆ ಹೋದರು, ಎಲ್ಲವನ್ನೂ ಬರೆದೆವು. ನಮ್ಮವನ ಹೆಸರಿಗೆ ಅಂಟಿದ್ದ ಯೋಧನ ಪಟ್ಟಿ ತೆಗೆದು, ಯಾಕೆ ತೆಗೆದೆವು ಅನ್ನೋದಕ್ಕೆ ಟಿಪ್ಪಣಿ ಹಾಕಿದೆವು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟಿದ್ದು ಉಯಿಲಿನ ಪೂರ್ತಿ ಪ್ರತಿ, ಜತೆಗೆ ನಾಲ್ಕು ಪುಟದ ಕೈಬರಹದ ಕಾಗದ. ಅದರಲ್ಲಿ ಏನು ಬರೆದಿದ್ದರೋ ನಾನು ಕೇಳಲಿಲ್ಲ. ಹುಡುಗಿ ಮಾತ್ರ ಮುಂದಿನ ವಾರವೇ ಬಂದು ಆ ಹೊಲ ಇದ್ದ ಹಳ್ಳದ ದಂಡೆಗೆ ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗಿಬಂದಳು.

ಆ ಇಬ್ಬರನ್ನು ಹುಡುಕಿಕೊಂಡು ಇನ್ನೂ ಯಾರ ಮೆಸೇಜೂ ಬಂದಿಲ್ಲ. ನಾನು ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೀನಿ. ವೀಡಿಯೋ ಕಾಲ್ ಮಾಡಿದಾಗ ಅಜ್ಜಿ ಒಮ್ಮೊಮ್ಮೆ ನನ್ನ ಹೆಸರು ತಡಕಾಡುತ್ತಾರೆ. ಆದರೆ ಆ ಹುಡುಗಿಯ ಹೆಸರು ಹೇಳಿ, "ಯಾರಾದ್ರೂ ಬಂದ್ರಾ?" ಅಂತ ಕೇಳೋದನ್ನು ಮರೆತಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನನ್ನು ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಆನ್ ಮಾಡಿದೆ. ನಮ್ಮ ಮುತ್ತಜ್ಜನ ಹೆಸರು ಆಮೇಲೆ ಹೇಳಿ ಅಂದೆ. ಹೊಲದಲ್ಲಿ ದುಡಿದವರು ಯಾರ್ಯಾರು, ಅವರ ಮನೆಯವರು ಈಗ ಎಲ್ಲಿದ್ದಾರೆ, ಮೊದಲು ಅದನ್ನು ಹೇಳಿ. ಅಪ್ಪನಿಗೆ ಎರಡು ಹೆಸರು ನೆನಪಿದ್ದವು. ಮೂರನೆಯದು ಗೊತ್ತಿರೋದು ತೊಂಬತ್ತು ದಾಟಿದ ಸೋದರತ್ತೆಗೆ ಮಾತ್ರ ಅಂದರು. ಅವರಿರೋದು ಬ್ಯಾಡಗಿಯಲ್ಲಿ. ಈ ಶನಿವಾರ ಹೋಗ್ತಾ ಇದೀನಿ.